ಚಪ್ಪಲಿ ಹಿಮ್ಮಡಿಯ ಶಿಕ್ಕಾ

ನಾನು ಕಲ್ಲಿನ ಮೇಲೆ ಅಕ್ಷರ ಕೆತ್ತುವವನು. ಶಹಾಪುರದಲ್ಲಿ ಮನೆಯ ಮುಂದೇ ನನ್ನ ಕೆಲಸದ ಜಾಗ, ಮೇಲೊಂದು ತಗಡು, ಕೆಳಗೆ ಕಲ್ಲಿನ ಚೂರು. ಮನೆ ಕಟ್ಟಿದವರು ಮನೆಗೆ ಹೆಸರು ಬರೆಸುತ್ತಾರೆ, ಹಿರಿಯರು ತೀರಿಕೊಂಡರೆ ಸಮಾಧಿಗೆ ಹೆಸರು ಬರೆಸುತ್ತಾರೆ, ಶಾಲೆಯ ಹೊಸ ಕೋಣೆ ಎದ್ದರೆ ಅಡಿಗಲ್ಲಿಗೆ ಬರೆಸುತ್ತಾರೆ. ಸುತ್ತಿನ ಮೂರು ತಾಲೂಕಿನಲ್ಲಿ ಎಷ್ಟೋ ಗೋಡೆಗಳ ಮೇಲೆ ನನ್ನ ಕೈಯ ಅಕ್ಷರ ನಿಂತಿದೆ. ಒಂದೂ ವಾಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಅಪ್ಪ ಸುರಪುರದ ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದ, ನನಗೆ ಬಳಪಕ್ಕಿಂತ ಉಳಿ ಕೈಗೆ ಹತ್ತಿತು, ಹೋದೆ. ಹಾಗಾಗಿ ನನ್ನ ಓದು ನಿಧಾನ. ಕೈ ಹೇಗೆ ಕೆತ್ತುತ್ತದೋ ಕಣ್ಣು ಹಾಗೇ ಓದುತ್ತದೆ, ಒಂದು ಅಕ್ಷರ ಮುಗಿಯದೆ ಮುಂದಿನದಕ್ಕೆ ಹೋಗುವುದಿಲ್ಲ. ಆದರೆ ಒಮ್ಮೆ ಓದಿದ್ದು ತಲೆಯಿಂದ ಅಳಿಸುವುದೂ ಇಲ್ಲ.

ನನ್ನ ಕೈ ನೋಡಿದವರಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಕಚೇರಿಗಳಲ್ಲಿ ನನ್ನ ಸೀಳುಬಿಟ್ಟ ಬೆರಳು ನೋಡಿದ ಕೂಡಲೇ ಇಂಕಿನ ಪ್ಯಾಡು ಮುಂದೆ ಸರಿಸುತ್ತಾರೆ. ಸಹಿ ಬರುತ್ತದೆ ಎಂದರೆ ಅನುಮಾನದಿಂದ ನೋಡುತ್ತಾರೆ. ಹೆಬ್ಬೆಟ್ಟು ಎಂಬ ಮಾತು ನಮ್ಮ ಕಡೆ ಬೆರಳಿನ ಹೆಸರು ಮಾತ್ರವಲ್ಲ, ಓದು ಬಾರದ ಮನುಷ್ಯನ ಹೆಸರೂ ಹೌದು. ತಮಾಷೆಯೆಂದರೆ, ಕಲ್ಲಿನ ಧೂಳಿನಲ್ಲಿ ಸವೆದು ಸವೆದು ನನ್ನ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಉಳಿದಿಲ್ಲ. ರೇಷನ್ ಅಂಗಡಿಯ ಮಷೀನು ಅದನ್ನು ಗುರುತು ಹಿಡಿಯುವುದಿಲ್ಲ. ಮೂರು ಸಲ ಒತ್ತಿಸಿ, ಒರೆಸಿ, ಮತ್ತೆ ಒತ್ತಿಸಿ, ಕೊನೆಗೆ ನನ್ನ ಹೆಂಡತಿಯನ್ನು ಕರೆಯುತ್ತಾರೆ.

ಎರಡು ವರ್ಷದ ಹಿಂದೆ ಮಗನ ಮದುವೆಯಾಯಿತು. ಸೊಸೆ ಯಾದಗಿರಿಯಲ್ಲಿ ಸರಕಾರಿ ಶಾಲೆಯ ಟೀಚರ್. ಮನೆಗೆ ಬಂದು ತಿಂಗಳಾಗಿರಲಿಲ್ಲ, ಒಂದು ದಿನ ಯಾವುದೋ ಅರ್ಜಿಗೆ ಮನೆಯ ಹಿರಿಯರ ಸಹಿ ಬೇಕೆಂದು ನನ್ನ ಹತ್ತಿರ ಬಂದಳು. ಒಂದು ಕೈಯಲ್ಲಿ ಅರ್ಜಿ, ಇನ್ನೊಂದರಲ್ಲಿ ಇಂಕಿನ ಪ್ಯಾಡು. ನನಗೆ ತೊಂದರೆಯಾಗದಿರಲೆಂದು ಮುಚ್ಚಳವನ್ನೂ ತೆಗೆದೇ ತಂದಿದ್ದಳು. ನಾನು ಅವಳ ಅರ್ಜಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು, ಅಡ್ಡಹೆಸರು ಸಮೇತ ಪೂರ್ತಿ ಹೆಸರು ಬರೆದು ಕೊಟ್ಟೆ. ಅವಳ ಮುಖ ಕೆಂಪಾಯಿತು. ಪ್ಯಾಡಿನ ಮುಚ್ಚಳ ಹಾಕಲು ಹೋದರೆ ಅದು ಕೈತಪ್ಪಿ ಕೆಳಗೆ ಬಿತ್ತು. ಆಮೇಲೆ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಚೇರಿಯವರು ಮಾಡಿದ್ದು ಬಾಗಿಲು ದಾಟಿದರೆ ಮರೆಯುತ್ತದೆ. ಇದು ಮನೆಯ ಒಳಗೆ ಉಳಿಯಿತು.

ಹೋದ ದಸರಾ ರಜೆಯಲ್ಲಿ ಅವಳೇ ಒಂದು ಆಟ ತಂದಳು. ಅವಳೂ ಜೊತೆಯ ಇಬ್ಬರು ಟೀಚರುಗಳೂ ಸೇರಿ ಯಾದಗಿರಿ, ಶಹಾಪುರ, ಸುರಪುರದ ಮೂರು ಗುಡ್ಡಗಳಲ್ಲಿ ಒಂದೊಂದು ಸ್ಟೀಲಿನ ಡಬ್ಬಿ ಬಚ್ಚಿಟ್ಟು ಬಂದಿದ್ದರು.

"ಇದಕ್ಕ ಲೆಟರ್‌ಬಾಕ್ಸಿಂಗ್ ಅಂತಾರ್ರಿ ಮಾವಾರ. ಹೊರದೇಶದಾಗ ಮಂದಿ ಗುಡ್ಡ ಗುಡ್ಡ ತಿರುಗಿ ಆಡತಾರ."

"ಬಾಕ್ಸಿಂಗಾ? ನನಗೂ ನಿಮ್ಮಪ್ಪಗೂ ಬಡದಾಟ ಹಚ್ಚತಿ ಏನವ್ವ?"

"ಹಚ್ಚಲಿ ಬಿಡ್ರಿ," ಎಂದಳು ನನ್ನ ಹೆಂಡತಿ ಒಳಗಿನಿಂದ. "ಇಬ್ಬರೂ ಗುಡ್ಡದಾಗ ಬಡದಾಡಕೋತ ಇರ್ರಿ. ಮೂರು ದಿನ ನನಗ ಉಳಿ ಸಪ್ಪಳಾರ ತಪ್ಪತದ."

ಆಟ ಸರಳವಾಗಿತ್ತು. ಒಂದೊಂದು ಡಬ್ಬಿಗೂ ಒಂದೊಂದು ಹಾಳೆಯಲ್ಲಿ ಸುಳಿವು ಬರೆದಿರುತ್ತದೆ. ಅದನ್ನು ಓದಿ ಡಬ್ಬಿ ಹುಡುಕಬೇಕು. ಡಬ್ಬಿಯೊಳಗೆ ಒಂದು ನೋಟುಬುಕ್ಕು, ಒಂದು ಇಂಕಿನ ಪ್ಯಾಡು, ಆ ಡಬ್ಬಿಯದೇ ಒಂದು ಶಿಕ್ಕಾ, ಅಂದರೆ ರಬ್ಬರಿನ ಮೊಹರು. ಅದರ ಶಿಕ್ಕಾ ನಮ್ಮ ಪುಸ್ತಕದಲ್ಲಿ ಒತ್ತಿಕೊಳ್ಳಬೇಕು, ನಮ್ಮ ಶಿಕ್ಕಾ ಅದರ ನೋಟುಬುಕ್ಕಿನಲ್ಲಿ ಒತ್ತಿ, ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಪೆನ್ನಿನಿಂದ ಏನೂ ಬರೆಯುವಂತಿಲ್ಲ. ರಜೆ ಮುಗಿದ ಮೇಲೆ ನೋಟುಬುಕ್ಕುಗಳನ್ನು ಸೊಸೆ ತಂದು ನೋಡುತ್ತಾಳೆ, ಯಾರು ಯಾರು ಮುಟ್ಟಿದರು ಎಂದು.

ಜೊತೆಗೆ ಬರಲು ಒಪ್ಪಿದವರು ಸೊಸೆಯ ತಂದೆ, ನಮ್ಮ ಬೀಗರು. ಸುರಪುರದವರು, ಹೆಡ್ ಮಾಸ್ತರರಾಗಿ ನಿವೃತ್ತರಾದವರು. ಒಳ್ಳೆಯ ಮನುಷ್ಯ, ಆದರೆ ಮಾತಾಡುವಾಗ ಎದುರಿಗೆ ಕೂತವನು ಬೆಂಚಿನ ಮೇಲೆ ಇದ್ದಾನೆಂದೇ ತಿಳಿಯುತ್ತಾರೆ. ಅವರ ಹತ್ತಿರ ಅಂಗಡಿಯಲ್ಲಿ ಮಾಡಿಸಿದ ಹಳೆಯ ಶಿಕ್ಕಾ ಇತ್ತು: ಹೆಸರು, ಅದರ ಕೆಳಗೆ ಪದವಿ, ಅದರ ಕೆಳಗೆ ಮುಖ್ಯೋಪಾಧ್ಯಾಯರು, ಎಲ್ಲ ಸಾಸಿವೆಯಷ್ಟು ಅಕ್ಷರದಲ್ಲಿ. ನಾನು ನನ್ನದನ್ನು ನಾನೇ ಮಾಡಿಕೊಂಡೆ. ಸವೆದ ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ, ಸಣ್ಣ ಉಳಿಯಿಂದ ಒಂದೇ ಮಾತು ಕೆತ್ತಿದೆ: ಬಂದೀನಿ.

ಬೀಗರು ಅದನ್ನು ತಿರುಗಿಸಿ ನೋಡಿದರು. "ಬಂದಿದ್ದೇನೆ ಅಂತ ಇರಬೇಕ್ರಿ. ಬರಹದಾಗ ಹಂಗ ಬರೀತಾರ."

"ನಾ ಯಾರ ಮನಿ ಬಾಗಿಲಿಗಿ ಹೋದ್ರೂ ಬಂದೀನಿ ಅಂತೀನಿ. ಡಬ್ಬಿಗೂ ಅದನ್ನೇ ಅಂತೀನಿ."

ಅವರು ನಾನು ಕೆತ್ತಿದ್ದನ್ನು ಮತ್ತೊಮ್ಮೆ ನೋಡಿದರು. ಮೀಸೆಯೊಳಗೆ ನಕ್ಕರು. ಯಾಕೆಂದು ಮರುದಿನ ತಿಳಿಯಿತು.

ನನ್ನ ಮೋಟಾರ್ ಸೈಕಲ್ ಮೇಲೆ ಯಾದಗಿರಿಗೆ ಹೊರಟೆವು. ಹಿಂದೆ ಬೀಗರು, ಅವರ ತೊಡೆಯ ಮೇಲೆ ಶಾಲೆಯಿಂದ ಕೇಳಿ ತಂದ ಟೆಂಟು, ಅದರ ಮೇಲೆ ಬೀಗತಿ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಬಾಟಲಿ ಕುಸುಬಿ ಎಣ್ಣೆ. ಭೀಮಾ ನದಿಯ ಸೇತುವೆ ಬಂದಾಗ ಬೀಗರು ನದಿಯ ಭೂಗೋಳ ಹೇಳಿದರು. ಗಾಳಿಯಲ್ಲಿ ನನಗೆ ಅರ್ಧ ಕೇಳಿಸಲಿಲ್ಲ.

ಯಾದಗಿರಿ ಗುಡ್ಡದ ಸುಳಿವು ಎರಡೇ ಸಾಲು: ಬೆನ್ನಿಗೆ ಕೋಟೆ, ಎದುರಿಗೆ ರೈಲು. ಸೀಳಿದ ಬಂಡೆಯ ತಂಪಿನ ಮೈಗೆ ಕೈ ಹಾಕು.

ಬೀಗರು ಒಂದೇ ನೋಟಕ್ಕೆ ಓದಿ ಹಾಳೆ ನನ್ನ ಕೈಗಿಟ್ಟು ಹೊರಟೇಬಿಟ್ಟರು. ನಾನು ನಿಂತು ನಾಲ್ಕು ಸಲ ಓದಿದೆ. ಓದಿ ಮುಗಿಸುವ ಹೊತ್ತಿಗೆ ಅವರು ಕೋಟೆಯ ಹೊರಗಿನ ಇಳಿಜಾರಿನಲ್ಲಿ ಸೀಳಿದ ಬಂಡೆ ಹುಡುಕಿ, ಅದರ ನೆರಳಿನಲ್ಲಿ ಮಂಡಿಯೂರಿ ಕಲ್ಲು ಸರಿಸುತ್ತಿದ್ದರು. ಮುಂಜಾನೆಯ ನೆರಳು ಪಡುವಣಕ್ಕೆ ಬಿದ್ದಿತ್ತು.

"ಬೀಗರ, ಅದು ಹೊತ್ತು ಏರಿದರ ಹೋಗೋ ನೆರಳ್ರಿ," ಎಂದೆ. "ಬಂಡಿಗಿ ತಂಪಿನ ಮೈ ಅಂದ್ರ ಒಂದ. ಈ ದಿನಮಾನದಾಗ ಹಗಲೆಲ್ಲ ಬಿಸಿಲು ಮುಟ್ಟದ ಮೈ."

ಬಡಗಣ ಬದಿಗೆ ಹೋಗಿ ಸಂದಿಗೆ ಕೈ ಹಾಕಿದೆ. ಡಬ್ಬಿ ತಣ್ಣಗೆ ಕೈಗೆ ತಾಗಿತು. ಕೆಳಗೆ ರೈಲು ಸಿಳ್ಳೆ ಹಾಕಿತು. ಬೀಗರು ಮಂಡಿಯ ಮಣ್ಣು ಕೊಡವಿಕೊಂಡು, "ನೀವು ಸಾಲಿ ಕಲತಿದ್ರ ನಮಗ ಕಷ್ಟ ಇತ್ತು," ಎಂದರು. ಹೊಗಳಿಕೆಯೇ ಅದು. ಆದರೂ ಎಲ್ಲೋ ಚುಚ್ಚಿತು.

ಅವರ ಶಿಕ್ಕಾ ಮೂಡಿತು, ಅಚ್ಚುಕಟ್ಟಾಗಿ. ನಾನು ನನ್ನದನ್ನು ಪ್ಯಾಡಿಗೆ ಅದ್ದಿ, ಪಕ್ಕದ ಪುಟದ ಮೇಲೆ ಒತ್ತಿ, ಎತ್ತಿದೆ.

ಕಾಗದದ ಮೇಲೆ ಇದ್ದದ್ದು ಕನ್ನಡವಾಗಿರಲಿಲ್ಲ. ನಿ ಮೊದಲಿಗೆ ಬಂದು ಬೆನ್ನು ತಿರುಗಿಸಿ ನಿಂತಿತ್ತು, ದೀರ್ಘದ ಬಾಲ ಎಡಕ್ಕೆ ಹೋಗಿತ್ತು, ಬ ಕೊನೆಗೆ ಬಿದ್ದಿತ್ತು. ಮೂವತ್ತು ವರ್ಷ ಕಲ್ಲಿನ ಮೇಲೆ ಕೆತ್ತಿದವನು ನಾನು. ಕಲ್ಲಿನಲ್ಲಿ ಕೆತ್ತಿದ್ದೇ ಓದುವುದು. ಶಿಕ್ಕಾದಲ್ಲಿ ಕೆತ್ತಿದ್ದು ಓದಲಿಕ್ಕಲ್ಲ, ಒತ್ತಲಿಕ್ಕೆ. ಇಷ್ಟು ಸಣ್ಣ ಮಾತು ನನ್ನ ಕೈಗೆ ಹೊಳೆದಿರಲಿಲ್ಲ.

ಬೀಗರು ಕೆಮ್ಮು ಬರುವ ತನಕ ನಕ್ಕರು. "ಇದೇನ್ರಿ, ಉರ್ದು ಬರದೀರೇನು? ಬಲಗಡಿಯಿಂದ ಓದಬೇಕಾ?"

"ನಿನ್ನಿ ನೋಡಿ ನಕ್ಕಿದ್ರಲ್ಲ, ಆವಾಗ್ಲೇ ಗೊತ್ತಿತ್ತೇನು?"

"ಗೊತ್ತಿತ್ರಿ. ಹೇಳಿದ್ರ ಆಟ ಎಲ್ಲಿ ಉಳೀತದ?" ಎಂದು ಕಣ್ಣೊರೆಸಿಕೊಂಡರು. ಆಮೇಲೆ ನೋಟುಬುಕ್ಕಿನ ಮೊದಲ ಪುಟ ತೆಗೆದು ತೋರಿಸಿದರು. ಸೊಸೆಯ ದುಂಡಗಿನ ಅಕ್ಷರದಲ್ಲಿ ನಿಯಮಗಳಿದ್ದವು. ಕೊನೆಯದು: ಶಿಕ್ಕಾ ಇಲ್ಲದವರು ಹೆಬ್ಬೆಟ್ಟು ಒತ್ತಬಹುದು. "ನೋಡ್ರಿ, ದಾರಿ ಅದ. ಬಾಜೂಕ ಒಂದು ಹೆಬ್ಬೆಟ್ಟು ಒತ್ತಿಬಿಡ್ರಿ, ಮುಗೀತು."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮುಚ್ಚಳ ತೆಗೆದ ಪ್ಯಾಡನ್ನು ನನ್ನ ಮುಂದೆ ಹಿಡಿದರು, ಎರಡು ವರ್ಷದ ಹಿಂದೆ ಅವರ ಮಗಳು ಹಿಡಿದ ಹಾಗೆಯೇ. ನಾನು ಪ್ಯಾಡು ತೆಗೆದುಕೊಂಡು ಮುಚ್ಚಳ ಒತ್ತಿ ಹಾಕಿದೆ.

"ಹೆಬ್ಬೆಟ್ಟು ಒತ್ತಂಗಿಲ್ರಿ. ಸುರಪುರದ ಡಬ್ಬಿ ತೆಗಿಯೋದ್ರಾಗ ಸರಿ ಶಿಕ್ಕಾ ಮಾಡತೀನಿ. ನಿಮ್ಮ ಮಗಳು ಆ ನೋಟುಬುಕ್ಕು ತೆಗೆದ್ರ ಅದರಾಗ ನನ್ನ ಅಕ್ಷರ ಇರಬೇಕು."

"ಇಷ್ಟಕ್ಕ ಸಿಟ್ಟಾದ್ರ ಹೆಂಗ್ರಿ?"

"ಸಿಟ್ಟಿಲ್ರಿ. ಹೇಳೀನಿ ಅಷ್ಟ."

ಅವರಿಗೆ ಪ್ಯಾಡಿನ ಸಂಗತಿ ಗೊತ್ತಿರಲಿಲ್ಲ.

ಸಂಜೆಗೆ ಶಹಾಪುರದ ಗುಡ್ಡದ ಬುಡಕ್ಕೆ ಬಂದೆವು. ದೂರದಿಂದ ನೋಡಿದರೆ ಬುದ್ಧ ಮಲಗಿದ ಹಾಗೆ ಕಾಣುವ ಗುಡ್ಡ ಅದು. ನಾವು ಶಹಾಪುರದವರು ಹುಟ್ಟಿದಾಗಿನಿಂದ ಅದರ ಕಾಲಕೆಳಗೇ ಇದ್ದೇವೆ, ಆದರೆ ಅಲ್ಲಿ ಟೆಂಟು ಹಾಕಿ ಮಲಗುವ ಯೋಚನೆ ಯಾರಿಗೂ ಬಂದಿರಲಿಲ್ಲ. ಮನೆ ಮೂರು ಮೈಲಿ ದೂರ. ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನಿಂತು ಕೇಳಿದ, "ಯಾಕ್ರಿ ಯಜಮಾನ್ರ, ಮನ್ಯಾಗಿಂದ ಹೊರಗ ಹಾಕ್ಯಾರೇನು?"

"ಇಬ್ಬರನ್ನೂ," ಎಂದರು ಬೀಗರು.

ಟೆಂಟಿನ ಗೂಟಗಳು ಆ ನೆಲದಲ್ಲಿ ಇಳಿಯಲಿಲ್ಲ. ನಾಲ್ಕು ಬೆರಳು ಮಣ್ಣು, ಕೆಳಗೆ ಬಂಡೆ. ಬೀಗರು ಪುಸ್ತಕದಲ್ಲಿದ್ದಂತೆ ಓರೆಯಾಗಿ ಹೊಡೆದು ಎರಡು ಗೂಟ ಬಗ್ಗಿಸಿದರು. ನಾನು ಹಗ್ಗಗಳನ್ನು ಬಿಚ್ಚಿ, ಎತ್ತಲಾರದಂಥ ನಾಲ್ಕು ಕಲ್ಲು ನೋಡಿ ಅವಕ್ಕೆ ಬಿಗಿದೆ. ಗಾಳಿ ಬಂದರೂ ಅಲುಗಲಿಲ್ಲ. ರೊಟ್ಟಿ ಹಿಂಡಿ ತಿಂದು ಮಲಗಿದೆವು. ಬೀಗರ ಗೊರಕೆ ಅವರ ಪಾಠದಷ್ಟೇ ಗಟ್ಟಿ.

ಮರುದಿನ ಗುಡ್ಡ ಹತ್ತಿದೆವು. ಸೀತಾಫಲದ ಕಾಲ, ಗಿಡದಲ್ಲೇ ಬಿರಿದ ಹಣ್ಣುಗಳಿದ್ದವು. ತಿನ್ನುತ್ತ, ಬೀಜ ಉಗುಳುತ್ತ ಹತ್ತಿದೆವು. ಎರಡನೆಯ ಡಬ್ಬಿ ಬೀಗರೇ ಹುಡುಕಿದರು. ಆ ಸುಳಿವಿನಲ್ಲಿ ಲೆಕ್ಕವಿತ್ತು, ಹೆಜ್ಜೆಗಳನ್ನು ಕೂಡಿಸಿ ಕಳೆದು ಹೋಗಬೇಕಿತ್ತು. ಅವರು ಬಾಯಲ್ಲೇ ಕೂಡಿಸಿ ನೇರ ಹೋಗಿ ನಿಂತರು. ಅವರ ಶಿಕ್ಕಾ ಒತ್ತಿದರು. ನನ್ನ ಪುಟ ಖಾಲಿ ಬಿಟ್ಟೆ.

"ನೀವು ಬಂದೇ ಇಲ್ಲ ಅಂದಂಗ ಆತು," ಎಂದರು.

"ಬರತೀನಿ."

ಹಳೆಯ ರಬ್ಬರಿನ ಹಿಂದಿನ ಮೈ ಖಾಲಿಯಿತ್ತು. ಗುಡ್ಡದ ತುದಿಯಲ್ಲಿ ಕೂತು ಅಕ್ಷರಗಳನ್ನು ಉಲ್ಟಾ ಬರೆಯಲು ಹತ್ತಿದೆ. ಅದು ಎಷ್ಟು ಕಷ್ಟ ಎಂದು ಬರೆದವರಿಗೇ ಗೊತ್ತು. ತಲೆ ಹೇಳಿದ್ದನ್ನು ಕೈ ಕೇಳುವುದಿಲ್ಲ. ಬ ಹೆಚ್ಚು ಕಾಟ ಕೊಡಲಿಲ್ಲ. ದೀ ಎರಡು ಸಲ ಅಳಿಸಿದೆ. ನಿ ಕೆತ್ತುವಾಗ ಉಳಿ ತಾನೇ ತನ್ನ ಹಳೆಯ ದಾರಿ ಹಿಡಿಯಿತು, ನಾನು ನೋಡುತ್ತಿದ್ದಂತೆಯೇ ಸರಿಯಾದ ನಿ ಮೂಡಿತು. ಸರಿಯಾದದ್ದೇ ಅಲ್ಲಿ ತಪ್ಪು. ಡಬ್ಬಿಯ ಪ್ಯಾಡಿಗೆ ಅದ್ದಿ ನನ್ನ ಪುಸ್ತಕದಲ್ಲಿ ಒತ್ತಿ ನೋಡಿದರೆ ಬಂದೀ ಎಂದು ಸರಿಯಾಗಿ ಬಂದು ಕೊನೆಯಲ್ಲಿ ನಿ ಒಂದೇ ಮುನಿಸಿಕೊಂಡು ಆ ಕಡೆ ಮುಖ ಮಾಡಿತ್ತು.

"ಕನ್ನಡಿ ಇದ್ರ ಆಗತದ ನೋಡ್ರಿ," ಎಂದರು ಬೀಗರು. ಬೆಳಕು ಹೇಗೆ ಹಿಂದಿರುಗುತ್ತದೆ ಎಂದು ನೆಲದ ಮೇಲೆ ಕಡ್ಡಿಯಿಂದ ಚಿತ್ರ ಬರೆದು ತೋರಿಸಿದರು. ಎಲ್ಲ ಅರ್ಥವಾಯಿತು. ಆದರೆ ಗುಡ್ಡದ ಮೇಲೆ ಕನ್ನಡಿ ಇರಲಿಲ್ಲ.

ಮಧ್ಯಾಹ್ನ ಇಳಿದು ಶಿರವಾಳಕ್ಕೆ ಹೋದೆವು. ಅಲ್ಲಿ ನನಗೆ ಗುರುತಿನವರೊಬ್ಬರ ಹೊಲವಿದೆ, ಅವರ ತಂದೆಯ ಸಮಾಧಿಗೆ ನಾನೇ ಕಲ್ಲು ಕೆತ್ತಿದ್ದೆ. ಬದುವಿನ ಬೇವಿನ ಗಿಡದ ಕೆಳಗೆ ಟೆಂಟು ಕಟ್ಟಿ, ಬೀಗರು ಕಾಲು ಚಾಚಿದರು. ನಾನು ಹಳೆಯ ಗುಡಿಗಳ ಕಡೆಗೆ ನಡೆದೆ.

ಆ ಗುಡಿಗಳಿಗೆ ನಾನು ಆಗಾಗ ಹೋಗುತ್ತೇನೆ, ದೇವರಿಗಿಂತ ಹೆಚ್ಚಾಗಿ ಕಲ್ಲಿಗಾಗಿ. ಅಲ್ಲಿನ ಬರಹದ ಕಲ್ಲು ನನಗೆ ಓದಲು ಬರುವುದಿಲ್ಲ, ಬೀಗರಿಗೂ ಬರುವುದಿಲ್ಲ, ಅಕ್ಷರ ಅಷ್ಟು ಹಳೆಯದು. ಆದರೆ ಕೆತ್ತಿದವನ ಕೈ ಕಾಣುತ್ತದೆ. ಯಾವ ಗೆರೆ ಮೊದಲು ಹೊಡೆದ, ಎಲ್ಲಿ ಉಳಿ ಬದಲಿಸಿದ, ಎಲ್ಲಿ ದಣಿದ, ಎಲ್ಲ ಕಾಣುತ್ತದೆ. ಆವತ್ತು ಬೆರಳಿನಿಂದ ಆ ಸಾಲುಗಳನ್ನು ಮುಟ್ಟುತ್ತ ಹೋದಾಗ ನನ್ನ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಇಷ್ಟು ಸಾಲನ್ನು ಒಂದೇ ಅಳತೆಯಲ್ಲಿ ಕಲ್ಲಿಗೆ ಹೇಗೆ ಇಳಿಸಿಕೊಂಡ? ಅವನ ದಾರಿ ನನಗೆ ಗೊತ್ತಿಲ್ಲ. ನನ್ನ ದಾರಿ ಗೊತ್ತು. ಅಕ್ಷರವನ್ನು ಮೊದಲು ಕಾಗದದ ಮೇಲೆ ಬರೆಯುತ್ತೇನೆ, ಗೆರೆಯ ಗುಂಟ ಸೂಜಿಯಿಂದ ಚುಚ್ಚುತ್ತೇನೆ, ಕಾಗದವನ್ನು ಕಲ್ಲಿನ ಮೇಲಿಟ್ಟು ಬಟ್ಟೆಯ ಗಂಟಿನಿಂದ ಕೆಮ್ಮಣ್ಣಿನ ಪುಡಿ ತಟ್ಟುತ್ತೇನೆ. ತೂತುಗಳಿಂದ ಪುಡಿ ಇಳಿದು ಕಲ್ಲಿನ ಮೇಲೆ ಚುಕ್ಕೆ ಮೂಡುತ್ತದೆ, ಚುಕ್ಕೆ ಹಿಡಿದು ಕೆತ್ತುತ್ತೇನೆ.

ಅಲ್ಲೇ ನಿಂತುಬಿಟ್ಟೆ. ಕಾಗದಕ್ಕೆ ಎರಡು ಮಗ್ಗುಲಿವೆ.

ಅರ್ಧ ಓಡಿ, ಅರ್ಧ ನಡೆದು ಬಂದೆ. ನನ್ನ ಪುಸ್ತಕದ ಹಾಳೆ ರಟ್ಟಿನಷ್ಟು ದಪ್ಪ, ಸುಳಿವಿನ ಹಾಳೆ ತೆಳ್ಳಗಿತ್ತು. ಸುರಪುರದ ಸುಳಿವಿನ ಹಾಳೆಯ ಮೇಲೆಯೇ ಬಂದೀನಿ ಎಂದು ಬರೆದೆ, ನೆಟ್ಟಗೆ, ಮೂವತ್ತು ವರ್ಷದಿಂದ ಬರೆಯುವ ಹಾಗೆ. ಜಾಲಿ ಮುಳ್ಳಿನಿಂದ ಚುಚ್ಚಿದೆ. ಕೆಮ್ಮಣ್ಣು ಹೊಲದ ಬದುವಿನಲ್ಲೇ ಸಿಕ್ಕಿತು, ಅರೆದು ಪುಡಿ ಮಾಡಿ ಕರವಸ್ತ್ರದ ತುದಿಯಲ್ಲಿ ಕಟ್ಟಿದೆ. ಇನ್ನು ರಬ್ಬರು ಬೇಕು. ಹಳೆಯ ತುಂಡಿನ ಎರಡೂ ಮೈ ಹಾಳಾಗಿದ್ದವು.

ಕಾಲಿನ ಚಪ್ಪಲಿ ಬಿಚ್ಚಿ, ಬಲಗಾಲಿನದರ ಹಿಮ್ಮಡಿಯನ್ನು ಉಳಿಯಿಂದ ಚೌಕಾಗಿ ಕತ್ತರಿಸಿದೆ.

ಆ ಸಪ್ಪಳಕ್ಕೆ ಬೀಗರು ಎದ್ದು ಕೂತರು. "ಏನ್ ಮಾಡಾಕತ್ತೀರಿ! ನಾಳಿ ಗುಡ್ಡ ಹೆಂಗ ಏರತೀರಿ?"

"ಬೆರಳಿನ ಮ್ಯಾಲ."

"ಆ ಹಾಳಿ... ಅದು ಸುಳಿವಿನ ಹಾಳಿ ಅಲ್ರಿ? ತೂತು ಬಡದು ಜರಡಿ ಮಾಡೀರಲ್ಲ! ನಾ ಇನ್ನೂ ಓದಿಲ್ಲ!"

"ನಾ ಓದೀನಿ. ಬಾಯಿಪಾಠ ಅದ." ಹೇಳಿ ತೋರಿಸಿದೆ: "ಕೆರೆ ಕಾಣುವ ಮಗ್ಗುಲಲ್ಲಿ ಬಂಡೆಗೆ ಹಲ್ಲು ಮೂಡಿದೆ. ಎಡದಿಂದ ಏಳನೆಯ ಹಲ್ಲಿನ ನೇರ ಕೆಳಗೆ ಅದರ ಬಾಯಿ."

ಬೀಗರು, "ಇನ್ನೊಮ್ಮೆ ಹೇಳ್ರಿ," ಎಂದರು. ಹೇಳಿದೆ. ಒಂದು ಅಕ್ಷರ ಆಚೀಚೆ ಆಗಲಿಲ್ಲ.

ಕಾಗದವನ್ನು ಮಗ್ಗುಲು ತಿರುಗಿಸಿ ರಬ್ಬರಿನ ಮೇಲಿಟ್ಟು ಪುಡಿ ತಟ್ಟಿದೆ. ಎತ್ತಿದರೆ ಉಲ್ಟಾ ಅಕ್ಷರಗಳು ಚುಕ್ಕೆ ಚುಕ್ಕೆಯಾಗಿ ಸಾಲಾಗಿ ಕೂತಿದ್ದವು. ಈಗ ಕೈ ಅದನ್ನು ಅಕ್ಷರವೆಂದು ನೋಡಬಾರದು. ನೋಡಿದರೆ ತನ್ನ ದಾರಿ ಹಿಡಿಯುತ್ತದೆ. ಚುಕ್ಕೆಯಿಂದ ಚುಕ್ಕೆಗೆ, ಏನು ಕೆತ್ತುತ್ತಿದ್ದೇನೆಂದು ಕೇಳದೆ ಹೋಗಬೇಕು. ಹೊತ್ತು ಮುಳುಗುವ ಮೊದಲು ಮುಗಿಸಿದೆ. ಬೀಗರು ಅಷ್ಟೂ ಹೊತ್ತು ಮಾತಾಡಲಿಲ್ಲ. ಅವರು ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಂಕು ಇರಲಿಲ್ಲವಾದ್ದರಿಂದ ಒತ್ತಿ ನೋಡುವಂತಿರಲಿಲ್ಲ. ಉಳಿದ ಪುಡಿಯನ್ನು ಗಂಟು ಬಿಚ್ಚದೆ ಜೇಬಿಗೆ ಹಾಕಿಕೊಂಡೆ.

ಮೂರನೆಯ ದಿನ ಸುರಪುರದ ಗುಡ್ಡ. ಬಂಡೆಯ ಮೇಲೆ ಬಂಡೆ, ಅದರ ಮೇಲೆ ಇನ್ನೊಂದು, ಯಾರೋ ಪೇರಿಸಿಟ್ಟು ಮರೆತುಹೋದ ಹಾಗೆ. ನನ್ನ ಬಲಗಾಲಿನ ಹಿಮ್ಮಡಿ ಹೆಜ್ಜೆಗೊಮ್ಮೆ ನೆಲಕ್ಕೆ ತಾಗುತ್ತಿತ್ತು. ಬಂಡೆ ಕಾದಿರಲಿಲ್ಲ, ಅದೊಂದು ಪುಣ್ಯ. ಎರಡು ಸಲ ಮುಳ್ಳು ಚುಚ್ಚಿತು, ಎರಡು ಸಲವೂ ನಿಂತು ಕಿತ್ತು ನಡೆದೆ. ಬೀಗರು ತಮ್ಮ ಬೂಟು ಕೊಡಲು ಬಂದರು. ನನ್ನ ಪಾದಕ್ಕೆ ಅವು ಎರಡು ಬೆರಳು ಸಣ್ಣ.

ಮೇಲೆ ಹೋದ ಮೇಲೆ ಅವರು ಹಲ್ಲಿನಂತೆ ಚೂಪಾದ ಬಂಡೆಗಳನ್ನು ಎಣಿಸತೊಡಗಿದರು. ಅಲ್ಲಿ ಅಂಥವು ನೂರಿದ್ದವು. "ಇದು ದವಡಿ ಹಲ್ಲು, ಇದು ಕೋರಿ ಹಲ್ಲು," ಎಂದು ಹೇಳುತ್ತ ಒಂದರ ಸುತ್ತ ತಿರುಗುತ್ತಿದ್ದರು. ನಾನು ಹುಡುಕುತ್ತಿದ್ದದ್ದು ಬೇರೆ. ಕಲ್ಲು ಒಡೆಯುವವರು ದೊಡ್ಡ ಬಂಡೆ ಸೀಳುವಾಗ ಮೊದಲು ಸಾಲಾಗಿ ಚೌಕದ ತೂತು ಕೊರೆಯುತ್ತಾರೆ, ಅವುಗಳಲ್ಲಿ ಕಬ್ಬಿಣದ ಬೆಣೆಯಿಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಕೆಲವು ಬಂಡೆಗಳು ಒಪ್ಪುವುದಿಲ್ಲ, ಅರ್ಧಕ್ಕೆ ಬಿರಿದು ನಿಲ್ಲುತ್ತವೆ. ಅವನ್ನು ಬಿಟ್ಟು ಹೋಗುತ್ತಾರೆ. ತೂತುಗಳ ಸಾಲು ಹಾಗೇ ಉಳಿಯುತ್ತದೆ. ಅದಕ್ಕೆ ನಮ್ಮಪ್ಪ ಕಲ್ಲಿನ ಹಲ್ಲು ಎನ್ನುತ್ತಿದ್ದ.

ಆ ಮಾತು ಪುಸ್ತಕದಲ್ಲಿಲ್ಲ. ಸೊಸೆಗೆ ಅದು ಎಲ್ಲಿಂದ ಬಂತೆಂದು ಹಾಳೆ ಓದಿದಾಗಲೇ ಯೋಚಿಸಿದ್ದೆ, ನೆನಪಾಗಿತ್ತು. ಮದುವೆಯಾದ ಹೊಸತರಲ್ಲಿ ಅವಳನ್ನು ತವರಿಗೆ ಬಿಡಲು ಬಂದಾಗ, ದಾರಿಯಲ್ಲಿ ಬಂಡೆಯೊಂದನ್ನು ತೋರಿಸಿ ಈ ತೂತು ಯಾಕೆ ಎಂದು ಕೇಳಿದ್ದಳು. ನಾನು ಹೇಳಿದ್ದೆ. ಪ್ಯಾಡಿನ ಸಂಗತಿಯಾದ ಮೇಲಿನ ವಾರ ಅದು, ಹೆಚ್ಚು ಮಾತಾಡುವ ಮನಸ್ಸಿರಲಿಲ್ಲ, ಎರಡೇ ಮಾತಿನಲ್ಲಿ ಮುಗಿಸಿದ್ದೆ. ಅವಳು ಅಷ್ಟನ್ನೂ ಇಟ್ಟುಕೊಂಡಿದ್ದಳು.

ಕೆರೆಯ ಕಡೆಯ ಮಗ್ಗುಲಲ್ಲಿ ಅರ್ಧ ಬಿರಿದ ಬಂಡೆ ಸಿಕ್ಕಿತು. ಹನ್ನೊಂದು ತೂತು. ಎಡದಿಂದ ಏಳನೆಯದರ ಕೆಳಗೆ ಬಿರುಕು ಅಗಲವಾಗಿ ಬಾಯಿ ಬಿಟ್ಟಿತ್ತು. ಕೈ ಹಾಕಿದೆ.

"ಸಿಕ್ತೇನ್ರಿ?" ಎಂದು ದೂರದಿಂದ ಕೂಗಿದರು ಬೀಗರು.

"ಹಲ್ಲು ಎಣಸೋದು ಸಾಕ್ ಮಾಡಿ ಬರ್ರಿ!"

ಡಬ್ಬಿ ತೆಗೆದೆವು. ನೋಟುಬುಕ್ಕು ಇತ್ತು, ಅದರ ಶಿಕ್ಕಾ ಇತ್ತು, ಪ್ಯಾಡೂ ಇತ್ತು. ಆದರೆ ಪ್ಯಾಡಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಇಂಕು ಒಣಗಿ ಬಿರಿದಿತ್ತು, ಮೇ ತಿಂಗಳ ಕೆರೆಯ ತಳದ ಹಾಗೆ. ನೀರು ಹನಿಸಿದೆವು. ಏನೂ ಏಳಲಿಲ್ಲ.

ಬೀಗರು ಮೆಲ್ಲಗೆ, "ಬೀಗರ, ನೀವು ಮಾಡಬೇಕಾದ್ದು ಮಾಡೀರಿ. ಇಂಕ್ ಇಲ್ಲಂದ್ರ ಯಾರೇನು ಮಾಡ್ಯಾರು?" ಎಂದರು.

"ಎಣ್ಣಿ ಬಾಟ್ಲಿ ಕೊಡ್ರಿ."

ಜೇಬಿನಿಂದ ಕೆಮ್ಮಣ್ಣಿನ ಗಂಟು ತೆಗೆದು ಅಂಗೈಗೆ ಸುರುವಿಕೊಂಡೆ. ಕುಸುಬಿ ಎಣ್ಣೆ ನಾಲ್ಕು ಹನಿ. ಬೆರಳಿನಿಂದ ಅರೆದೆ, ಗಂಟಿಲ್ಲದ ಹಾಗೆ. ಶಿಕ್ಕಾದ ಮೇಲೆ ತೆಳ್ಳಗೆ ಸವರಿದೆ. ಮಂಡಿಯ ಮೇಲೆ ನೋಟುಬುಕ್ಕು ಇಟ್ಟು, ಒತ್ತಿ, ಹತ್ತು ಎಣಿಸಿ, ಎತ್ತಿದೆ.

ಬಂದೀನಿ. ಎಡದಿಂದ ಬಲಕ್ಕೆ, ಕೆಂಪಗೆ, ಒಂದು ಅಕ್ಷರವೂ ವಾಲದೆ.

ಬೀಗರು ನೋಟುಬುಕ್ಕನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಬಂದೀರಿ," ಎಂದರು. "ಖರೇನ ಬಂದೀರಿ." ಬಂದಿದ್ದೇನೆ ಎಂದು ತಿದ್ದಲಿಲ್ಲ.

ಆಮೇಲೆ ಅವರ ಸರದಿ. ಅವರ ಶಿಕ್ಕಾಕ್ಕೂ ಕೆಮ್ಮಣ್ಣು ಸವರಿದೆ. ಸಾಸಿವೆಯಷ್ಟು ಅಕ್ಷರಗಳ ಸಂದಿಯೆಲ್ಲ ಮಣ್ಣು ತುಂಬಿಕೊಂಡಿತು. ಒತ್ತಿದರೆ ಕಾಗದದ ಮೇಲೆ ಬರೀ ಕೆಂಪು ಚೌಕ, ಒಂದು ಇಟ್ಟಂಗಿ ಮೂಡಿತು. ಹೆಸರಿಲ್ಲ, ಪದವಿಯಿಲ್ಲ. ಎಲೆಯಿಂದ ಒರೆಸಿ ಮತ್ತೊಮ್ಮೆ ಒತ್ತಿದರು. ಮತ್ತೊಂದು ಇಟ್ಟಂಗಿ. ಬೀಗರು ಗೊಳ್ಳೆಂದು ನಕ್ಕು, ನನ್ನ ಅಂಗೈಯ ಕೆಂಪಿಗೆ ತಮ್ಮ ಹೆಬ್ಬೆಟ್ಟು ಅದ್ದಿ, ಪುಟದ ನಡುವೆ ಗಟ್ಟಿಯಾಗಿ ಒತ್ತಿಬಿಟ್ಟರು.

"ಇಡೀ ನೌಕರಿ ಮಂದಿಗಿ ಸಹಿ ಕಲಿಸಿದೆ. ಇವತ್ತು ನಂದ ಹೆಬ್ಬೆಟ್ಟು ನೋಡ್ರಿ!"

ಎಷ್ಟು ಹಗುರವಾಗಿ ಒತ್ತಿದರು ಅವರು! ಅವರಿಗೆ ಅದು ಬೆರಳು, ಅಷ್ಟೇ. ಗೆರೆ ಗೆರೆಯೂ ಮೂಡಿತ್ತು, ಬಾವಿಯ ನೀರಿಗೆ ಕಲ್ಲು ಬಿದ್ದಾಗ ಏಳುವ ಸುತ್ತುಗಳ ಹಾಗೆ. ಬಹಳ ಹೊತ್ತು ನೋಡಿದೆ. ಒಂದು ಸಲ ನನ್ನದನ್ನೂ ಒತ್ತಿ ನೋಡಲೇ ಎನ್ನಿಸಿತು, ಏನು ಮೂಡುತ್ತದೋ ಎಂದು. ಒತ್ತಲಿಲ್ಲ. ಕೈಯನ್ನು ಮಣ್ಣಿಗೆ ಒರೆಸಿಕೊಂಡು, ಪ್ಯಾಡಿನ ಮುಚ್ಚಳ ಸರಿಯಾಗಿ ಕೂರಿಸಿ, ಡಬ್ಬಿಯನ್ನು ಏಳನೆಯ ಹಲ್ಲಿನ ಕೆಳಗೆ ಇಟ್ಟೆ.

ರಜೆ ಮುಗಿಯುವ ಹೊತ್ತಿಗೆ ಸೊಸೆ ಮೂರೂ ನೋಟುಬುಕ್ಕು ತಂದಳು. ಸಂಜೆ ಚಹಾದ ಹೊತ್ತು. ನಾನು ತಗಡಿನ ಕೆಳಗೆ ಕಲ್ಲೊಂದಕ್ಕೆ ಗೆರೆ ಎಳೆಯುತ್ತಿದ್ದೆ. ಅವಳು ಮೆಟ್ಟಿಲ ಮೇಲೆ ಕೂತು ಮೊದಲನೆಯದು ತೆಗೆದಳು, ಉಲ್ಟಾ ಅಕ್ಷರ ನೋಡಿ ತುಟಿ ಕಚ್ಚಿದಳು. ಎರಡನೆಯದರಲ್ಲಿ ಖಾಲಿ ಪುಟ. ಮೂರನೆಯದರಲ್ಲಿ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಹೆಬ್ಬೆಟ್ಟು.

ಅವಳ ಮುಖ ಮತ್ತೆ ಆವತ್ತಿನ ಮುಖವಾಯಿತು. "ಮಾವಾರ... ಆ ನಿಯಮ ನಾ ಬರೀಬಾರದಿತ್ರಿ. ನಿಮಗ ಅಂತ ಬರದಿದ್ದಿಲ್ರಿ."

"ಅದು ನಂದಲ್ಲವ್ವ."

"ಮತ್ತ ಯಾರದ್ರಿ?"

"ನಿಮ್ಮಪ್ಪಂದು."

ಒಳಗಿನಿಂದ ನನ್ನ ಹೆಂಡತಿ ನಕ್ಕ ಸಪ್ಪಳ ಕೇಳಿಸಿತು. ಸೊಸೆ ನಗಲಿಲ್ಲ. "ಅವತ್ತು ಅರ್ಜಿ ತಂದಾಗ ನಾನು..." ಎಂದು ಶುರು ಮಾಡಿದಳು.

"ಬಾಜೂಕಿನ ಹಾಳಿ ನೋಡು. ಚಾ ಆರಾಕತ್ತದ."

ಅವಳು ಪುಟವನ್ನು ಬೆಳಕಿಗೆ ಹಿಡಿದಳು. ಅಕ್ಷರಗಳ ಕೆಳಗೆ ಬೆರಳಿಟ್ಟು, ಮಕ್ಕಳಿಗೆ ಓದಿಸುವ ಹಾಗೆ, ನಾನು ಓದುವ ಹಾಗೆ, ಒಂದೊಂದಾಗಿ ಓದಿದಳು. ಬಂ. ದೀ. ನಿ. ಆಮೇಲೆ ನೋಟುಬುಕ್ಕನ್ನು ಮುಚ್ಚಿ ಮೆಟ್ಟಿಲ ಮೇಲಿಟ್ಟು, ಬಾಗಿಲಿಗೆ ಬಂದವರಿಗೆ ಹೇಳುವಂತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಬರ್ರಿ ಮಾವಾರ," ಎಂದಳು. "ಒಳಗ ಬರ್ರಿ."